ಸಂಬಳವಿಲ್ಲದ ಇಂಟರ್ನ್‌ಶಿಪ್: ನಂಬಿರುವುದೇನು, ಕಾನೂನು ಹೇಳುವುದೇನು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ. ಮೈಸೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಮಕ್ಕಳು ಡಿಪ್ಲೊಮಾ, ಬಿ.ಕಾಂ., ಬಿಸಿಎ, ಎಂಜಿನಿಯರಿಂಗ್, ಬಿ.ಇಡಿ., ನರ್ಸಿಂಗ್ ಯಾವುದಕ್ಕೆ ಸೇರಿದರೂ ಒಂದಲ್ಲ ಒಂದು ಹಂತದಲ್ಲಿ ಇಂಟರ್ನ್‌ಶಿಪ್ ಎದುರಾಗುತ್ತದೆ. ಆಗ ಮನೆಯಲ್ಲಿ ಏಳುವ ಪ್ರಶ್ನೆಗಳು ಬಲು ಸರಳ. ಎಲ್ಲಿಗೆ ಹೋಗಬೇಕು? ಎಷ್ಟು ದಿನ? ಏನಾದರೂ ಕೊಡುತ್ತಾರಾ? ಮೂರನೆಯ ಪ್ರಶ್ನೆಗೆ ಬರುವ ಉತ್ತರ ಸಾಮಾನ್ಯವಾಗಿ ‘ಇಲ್ಲ’. ಆ ‘ಇಲ್ಲ’ದ ಹಿಂದೆ ಕಾನೂನು ಇದೆಯೇ, ಬರೀ ರೂಢಿ ಇದೆಯೇ ಎಂದು ವಿಚಾರಿಸುವವರು ಕಡಿಮೆ. ಹೀಗೆ ವಿಚಾರಿಸದೆ ಬಿಟ್ಟಿದ್ದರಿಂದ ಕೆಲವು ತಪ್ಪು ತಿಳಿವಳಿಕೆಗಳು ಗಟ್ಟಿಯಾಗಿ ಬೇರೂರಿವೆ. ಅವನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ‘ಇಂಟರ್ನ್’ ಎಂದು ಸೇರಿಸಿಕೊಂಡರೆ ಸಂಬಳ ಕೊಡಬೇಕಿಲ್ಲವೆಂದು ಕಾನೂನೇ ಹೇಳುತ್ತದೆ

ವಾಸ್ತವ: ಹಾಗೆ ಹೇಳುವ ಕಾನೂನು ಇಲ್ಲ. ಕಾರ್ಮಿಕ ಕಾನೂನುಗಳಲ್ಲಿ ‘ಇಂಟರ್ನ್’ ಎಂಬ ಪ್ರತ್ಯೇಕ ವರ್ಗವೇ ಇಲ್ಲ. 1948ರ ಕನಿಷ್ಠ ವೇತನ ಕಾಯ್ದೆಯ ಜಾಗಕ್ಕೆ ಬಂದಿರುವ 2019ರ ವೇತನ ಸಂಹಿತೆ, 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದು ‘ಉದ್ಯೋಗಿ’ ಯಾರೆಂದು ವಿವರಿಸುವಾಗ 1961ರ ಅಪ್ರೆಂಟಿಸ್ ಕಾಯ್ದೆಯಡಿ ನೇಮಕವಾದ ಅಪ್ರೆಂಟಿಸ್‌ಗಳನ್ನು ಹೆಸರಿಸಿ ಹೊರಗಿಟ್ಟಿದೆ. ಇಂಟರ್ನ್‌ಗಳನ್ನು ಹಾಗೆ ಹೆಸರಿಸಿ ಹೊರಗಿಟ್ಟಿಲ್ಲ. ದುಡಿಮೆಯ ಷರತ್ತು ಬರಹದಲ್ಲೇ ಇರಬೇಕೆಂದೂ ಅದು ಕೇಳುವುದಿಲ್ಲ. ಬಾಯಿಮಾತಿನಲ್ಲಿದ್ದರೂ, ನಡವಳಿಕೆಯಿಂದ ಗೊತ್ತಾಗುವಂತಿದ್ದರೂ ಸಾಕು.

ಹಾಗಾದರೆ ಎಲ್ಲ ಇಂಟರ್ನ್‌ಗಳೂ ಉದ್ಯೋಗಿಗಳೇ? ಅದೂ ಅಲ್ಲ. ಕಲಿಯುವುದಕ್ಕೆ ಬಂದವರನ್ನು ಕಾನೂನು ಒಂದು ರೀತಿ ನೋಡುತ್ತದೆ, ದುಡಿಯಲು ಬಂದವರನ್ನು ಇನ್ನೊಂದು ರೀತಿ. ಯಾರು ಯಾವ ಗುಂಪಿಗೆ ಸೇರುತ್ತಾರೆಂದು ತೀರ್ಮಾನವಾಗುವುದು ಪತ್ರದ ತಲೆಬರಹದಿಂದಲ್ಲ, ದಿನವಿಡೀ ಮಾಡಿದ ಕೆಲಸದಿಂದ. ಒಬ್ಬ ಬಿ.ಕಾಂ. ವಿದ್ಯಾರ್ಥಿ ಆಡಿಟರ್ ಆಫೀಸಿಗೆ ಹೋಗುತ್ತಾನೆ ಎಂದುಕೊಳ್ಳಿ. ಹಿರಿಯರೊಬ್ಬರು ಪಕ್ಕದಲ್ಲಿ ಕೂರಿಸಿಕೊಂಡು ಜಿಎಸ್‌ಟಿ ರಿಟರ್ನ್ ಹೇಗೆ ಸಿದ್ಧವಾಗುತ್ತದೆಂದು ತೋರಿಸಿ, ಅವನ ಕೈಯಲ್ಲಿ ಒಂದೆರಡು ಮಾಡಿಸಿ, ತಿದ್ದುತ್ತಾರೆ. ಇದು ಕಲಿಕೆ. ಅದೇ ಹುಡುಗನನ್ನು ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಟ್ಯಾಲಿ ಎಂಟ್ರಿಗೆ ಕೂರಿಸುತ್ತಾರೆ. ಅವನು ರಜೆ ಹಾಕಿದರೆ ಅಂದಿನ ಕೆಲಸ ನಿಂತುಹೋಗುತ್ತದೆ. ಸೀಸನ್ ಮುಗಿದೊಡನೆ ‘ನಾಳೆಯಿಂದ ಬರಬೇಡ’ ಎನ್ನುತ್ತಾರೆ. ಸಂಬಳದ ನೌಕರನೊಬ್ಬ ಕೂರಬೇಕಿದ್ದ ಕುರ್ಚಿಯಲ್ಲಿ ಪುಕ್ಕಟೆಯಾಗಿ ಇನ್ನೊಬ್ಬನನ್ನು ಕೂರಿಸಿದ್ದಾರೆ, ಅಷ್ಟೆ. ಎರಡನೆಯ ಸಂದರ್ಭದಲ್ಲಿ ‘ಅವನು ಇಂಟರ್ನ್’ ಎಂಬ ಸಮಜಾಯಿಷಿ ಕಾನೂನಿನ ಮುಂದೆ ಬಹಳ ದುರ್ಬಲ.

ಅಮೆರಿಕದ ನ್ಯಾಯಾಲಯಗಳೂ ಇದೇ ಪ್ರಶ್ನೆಯನ್ನು ದಶಕಗಳಿಂದ ಎದುರಿಸಿವೆ. ರೈಲ್ವೆಯಲ್ಲಿ ಕೆಲಸ ಕಲಿಯಲು ಬಂದಿದ್ದವರು ಕಾರ್ಮಿಕರಲ್ಲವೆಂದು 1947ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತ್ತು. ಸಿನಿಮಾ ಕಂಪನಿಯೊಂದರ ಇಂಟರ್ನ್‌ಗಳು ಹೂಡಿದ ಮೊಕದ್ದಮೆಯಲ್ಲಿ 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಒಂದು ಅಳತೆಗೋಲು ಕೊಟ್ಟಿತು. ಈ ವ್ಯವಸ್ಥೆಯಿಂದ ಮುಖ್ಯವಾಗಿ ಲಾಭವಾಗುತ್ತಿರುವುದು ವಿದ್ಯಾರ್ಥಿಗೋ ಕಂಪನಿಗೋ? ನಮ್ಮ ನ್ಯಾಯಾಲಯಗಳು ಅದಕ್ಕೆ ಬದ್ಧವಲ್ಲ. ಆದರೂ ವಿದ್ಯಾರ್ಥಿಗಳು, ಪೋಷಕರು, ಮೇಷ್ಟ್ರುಗಳು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಅದೇ.

ನಮ್ಮಲ್ಲಿ ಇದಕ್ಕಿಂತ ಆಳವಾದ ಬುನಾದಿ ಇದೆ. ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸುತ್ತದೆ. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳಲ್ಲಿ ದುಡಿದವರ ಪ್ರಕರಣದಲ್ಲಿ 1982ರಲ್ಲಿ ಸುಪ್ರೀಂ ಕೋರ್ಟ್, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಬಲವಂತದ ದುಡಿಮೆಯೇ ಎಂದಿತು. ಬಡತನದಿಂದ ಬೇರೆ ದಾರಿ ಕಾಣದೆ ಒಪ್ಪಿಕೊಂಡಿದ್ದೂ ಬಲವಂತವೇ ಎಂದಿತು. ಅದು ಕಟ್ಟಡ ಕಾರ್ಮಿಕರ ಪ್ರಕರಣ, ಇಂಟರ್ನ್‌ಗಳದ್ದಲ್ಲ. ಕಾಲೇಜು ಹುಡುಗರ ಇಂಟರ್ನ್‌ಶಿಪ್ಪನ್ನು ಜೀತಕ್ಕೆ ಹೋಲಿಸಿದರೆ ಜೀತ ಅನುಭವಿಸಿದವರಿಗೆ ಅನ್ಯಾಯವಾಗುತ್ತದೆ. ಆದರೆ ‘ಅವನೇ ಒಪ್ಪಿ ಬಂದಿದ್ದಾನೆ’ ಎಂಬ ಮಾತು ಎಲ್ಲವನ್ನೂ ಮುಚ್ಚಿಹಾಕುವುದಿಲ್ಲ ಎಂಬ ತತ್ವ ಈ ದೇಶದ ಕಾನೂನಿನಲ್ಲಿದೆ. ಜೀತಮುಕ್ತಿಗೂ ಭೂಸುಧಾರಣೆಗೂ ಹೆಸರಾದ ದೇವರಾಜ ಅರಸು ಅವರ ಕಲ್ಲಹಳ್ಳಿ ಇರುವುದು ಹುಣಸೂರು ತಾಲ್ಲೂಕಿನಲ್ಲೇ. ದುಡಿಮೆಗೆ ಬೆಲೆ ಇರಬೇಕೆಂಬುದು ಇಲ್ಲಿನವರಿಗೆ ಹೊಸ ಮಾತಲ್ಲ.

ತಪ್ಪು ಕಲ್ಪನೆ: ಸಂಬಳವಿಲ್ಲದ ಇಂಟರ್ನ್‌ಶಿಪ್ ಎಲ್ಲವೂ ಕಾನೂನುಬಾಹಿರ

ವಾಸ್ತವ: ಇದು ಇನ್ನೊಂದು ತುದಿಯ ತಪ್ಪು. ಪಠ್ಯಕ್ರಮದ ಭಾಗವಾಗಿ, ಕಾಲೇಜಿನ ಮೇಲ್ವಿಚಾರಣೆಯಲ್ಲಿ, ನಿಗದಿತ ಗಂಟೆಗಳಿಗೆ ನಡೆಯುವ ತರಬೇತಿಗೆ ಹಣ ಕೊಡಲೇಬೇಕೆಂಬ ಸಾರ್ವತ್ರಿಕ ನಿಯಮ ಭಾರತದಲ್ಲಿ ಇಲ್ಲ. ಎರಡು ವರ್ಷದ ಬಿ.ಇಡಿ.ಯಲ್ಲಿ 20 ವಾರಗಳ ಶಾಲಾ ಅನುಭವವನ್ನು ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಮಂಡಳಿಯಾದ ಎನ್‌ಸಿಟಿಇ 2014ರ ನಿಯಮಗಳಲ್ಲಿ ಕಡ್ಡಾಯ ಮಾಡಿದೆ, ಶಿಷ್ಯವೇತನವನ್ನಲ್ಲ. ಕಾನೂನು ವಿದ್ಯಾರ್ಥಿಗಳು ಮೂರು ವರ್ಷದ ಕೋರ್ಸಿನಲ್ಲಿ 12 ವಾರ, ಐದು ವರ್ಷದ್ದರಲ್ಲಿ 20 ವಾರ ಇಂಟರ್ನ್‌ಶಿಪ್ ಮಾಡಬೇಕು. ಡಿ.ಫಾರ್ಮಾದವರಿಗೆ 500 ಗಂಟೆಗಳ ಪ್ರಾಯೋಗಿಕ ತರಬೇತಿ ಇದೆ.

ನಮ್ಮ ರಾಜ್ಯದ್ದೇ ಒಂದು ಪ್ರಕರಣ ಇಲ್ಲಿ ನೆನೆಯಬೇಕು. ಮಂಗಳೂರಿನ ಕ್ಯಾಂಪ್ಕೊ ಸಹಕಾರಿ ಸಂಸ್ಥೆಯ ತರಬೇತಿದಾರರಿಗೆ ಭವಿಷ್ಯನಿಧಿ ಕಟ್ಟಬೇಕೆಂದು ಭವಿಷ್ಯನಿಧಿ ಆಯುಕ್ತರು ಪಟ್ಟು ಹಿಡಿದಿದ್ದರು. 2006ರಲ್ಲಿ ಸುಪ್ರೀಂ ಕೋರ್ಟ್ ಸಂಸ್ಥೆಯ ಪರ ತೀರ್ಪು ಕೊಟ್ಟಿತು. ಅವರು ತರಬೇತಿ ಯೋಜನೆಯೊಂದರಡಿ ಬಂದವರು, ಕೆಲಸದ ಹಕ್ಕು ಅವರಿಗಿರಲಿಲ್ಲ, ಆದ್ದರಿಂದ ಆ ಕಾಯ್ದೆಯ ಅರ್ಥದಲ್ಲಿ ಉದ್ಯೋಗಿಗಳಲ್ಲ ಎಂದಿತು. ಈ ತೀರ್ಪನ್ನು ಮುಂದಿಟ್ಟು ‘ಟ್ರೇನಿಗೆ ಏನೂ ಕೊಡಬೇಕಿಲ್ಲ’ ಎನ್ನುವವರು ಒಂದನ್ನು ಮರೆಯುತ್ತಾರೆ. ಕ್ಯಾಂಪ್ಕೊ ತರಬೇತಿದಾರರಿಗೆ ಸ್ಟೈಪೆಂಡ್ ಸಿಗುತ್ತಿತ್ತು, ಒಂದು ನಿಜವಾದ ತರಬೇತಿ ಯೋಜನೆಯೂ ಇತ್ತು. ಅಲ್ಲಿ ವ್ಯಾಜ್ಯ ಇದ್ದದ್ದು ಭವಿಷ್ಯನಿಧಿಯ ಬಗ್ಗೆ ಮಾತ್ರ.

ಇನ್ನು ‘ಕೋರ್ಸಿನ ಭಾಗವಾದ್ದರಿಂದ ಕೇಳುವ ಹಾಗೇ ಇಲ್ಲ’ ಎಂಬ ಮಾತು. ಎಂಬಿಬಿಎಸ್ ಇಂಟರ್ನ್‌ಶಿಪ್ ಕೂಡ ಕೋರ್ಸಿನ ಭಾಗವೇ. 2020ರಲ್ಲಿ ದಾವಣಗೆರೆಯ ಜೆಜೆಎಂ ವೈದ್ಯಕೀಯ ಕಾಲೇಜಿನ ಸರ್ಕಾರಿ ಕೋಟಾ ಇಂಟರ್ನ್‌ಗಳೂ ಸ್ನಾತಕೋತ್ತರ ವಿದ್ಯಾರ್ಥಿಗಳೂ ಬಾಕಿ ಶಿಷ್ಯವೇತನಕ್ಕಾಗಿ ಕೊರೊನಾದ ನಡುವೆಯೇ ಧರಣಿ ಕೂತರು. 2023ರ ಸೆಪ್ಟೆಂಬರ್‌ನಲ್ಲಿ ದೆಹಲಿಯ ಸೇನಾ ವೈದ್ಯಕೀಯ ಕಾಲೇಜೊಂದು ತನ್ನ ಇಂಟರ್ನ್‌ಗಳಿಗೆ ತಿಂಗಳಿಗೆ 25,000 ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. ಕೃಷಿ ಪದವಿಯ ಕೊನೆಯ ವರ್ಷದಲ್ಲಿ ಹಳ್ಳಿಗಳಲ್ಲಿ ತಂಗಿ ಗ್ರಾಮೀಣ ಕಾರ್ಯಾನುಭವ ಪಡೆಯುವ ವಿದ್ಯಾರ್ಥಿಗಳಿಗೂ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ (ಐಸಿಎಆರ್) ಯೋಜನೆಯಲ್ಲಿ ಶಿಷ್ಯವೇತನವಿದೆ. ಸಿ.ಎ. ಆರ್ಟಿಕಲ್‌ಶಿಪ್ ಮಾಡುವವರಿಗೆ ಆಡಿಟರ್ ಪ್ರತಿ ತಿಂಗಳೂ ಕೊಡಲೇಬೇಕಾದ ಮೊತ್ತವನ್ನು ಅವರ ಸಂಸ್ಥೆ ಗೊತ್ತುಮಾಡಿದೆ. ಡಾಕ್ಟರಿಗೆ, ಕೃಷಿ ಪದವೀಧರನಿಗೆ, ಆಡಿಟರ್ ಆಗುವವನಿಗೆ ಕೊಡಬಹುದಾದ್ದನ್ನು ಶಿಕ್ಷಕಿಯಾಗುವವಳಿಗೆ ಏಕೆ ಕೊಡಲಾಗದು? ಇದಕ್ಕೆ ಉತ್ತರ ಸರ್ಕಾರ ಹೇಳಬೇಕು. ಅನುದಾನವಿಲ್ಲದ ಶಾಲೆಯೊಂದರಲ್ಲಿ ಬಿ.ಇಡಿ. ವಿದ್ಯಾರ್ಥಿನಿ ಖಾಲಿ ಇರುವ ಶಿಕ್ಷಕರ ಜಾಗ ತುಂಬಿ ದಿನವಿಡೀ ಪಾಠ ಮಾಡಿದರೆ, ಅದನ್ನು ಅಭ್ಯಾಸ ಬೋಧನೆ ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ.

ತಪ್ಪು ಕಲ್ಪನೆ: ಅಪ್ರೆಂಟಿಸ್, ಇಂಟರ್ನ್ ಎರಡೂ ಒಂದೇ

ವಾಸ್ತವ: ಎರಡಕ್ಕೂ ಅಜಗಜಾಂತರ. ಅಪ್ರೆಂಟಿಸ್ ಆಗಲು ನೋಂದಾಯಿತ ಒಪ್ಪಂದ ಬೇಕು, ಶಿಷ್ಯವೇತನ ಕಡ್ಡಾಯ. 2019ರ ತಿದ್ದುಪಡಿಯಲ್ಲಿ ಕನಿಷ್ಠ ಮೊತ್ತ ಐದರಿಂದ ಒಂಬತ್ತನೇ ತರಗತಿ ಓದಿದವರಿಗೆ ತಿಂಗಳಿಗೆ 5,000 ರೂಪಾಯಿ, ಎಸ್ಸೆಸ್ಸೆಲ್ಸಿಯವರಿಗೆ 6,000, ಪಿಯುಸಿಯವರಿಗೆ 7,000, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000 ಎಂದು ನಿಗದಿಯಾಯಿತು. ಇದನ್ನು ಶೇ 36ರಷ್ಟು ಹೆಚ್ಚಿಸಲು ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿತು. 30 ಅಥವಾ ಹೆಚ್ಚು ಮಂದಿ ಇರುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಒಟ್ಟು ಸಿಬ್ಬಂದಿಯ ಶೇ 2.5ರಿಂದ 15ರವರೆಗೆ ಎಂಬುದು ಮಿತಿ.

ನಮ್ಮ ಊರುಗಳ ಮಟ್ಟಿಗೆ ಮುಖ್ಯವಾದದ್ದು ಮುಂದಿನದು. ‘ಸಣ್ಣ ಊರು, ಸಣ್ಣ ವ್ಯಾಪಾರ, ಎಲ್ಲಿಂದ ಕೊಡೋಣ’ ಎನ್ನುವ ಮಾಲೀಕರ ಕಷ್ಟ ಸುಳ್ಳಲ್ಲ. ಆದರೆ ನಾಲ್ಕು ಮಂದಿ ಕೆಲಸ ಮಾಡುವ ಗ್ಯಾರೇಜು, ಪ್ರಿಂಟಿಂಗ್ ಪ್ರೆಸ್ಸು, ಲ್ಯಾಬು ಕೂಡ ಇಷ್ಟಪಟ್ಟರೆ ಈ ವ್ಯವಸ್ಥೆಗೆ ಸೇರಬಹುದು. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಶಿಷ್ಯವೇತನದ ಶೇ 25ರಷ್ಟನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಕೇಂದ್ರ ಸರ್ಕಾರ ನೇರವಾಗಿ ಅಭ್ಯರ್ಥಿಯ ಖಾತೆಗೆ ಹಾಕುತ್ತದೆ. ಕೇಂದ್ರದ ಇನ್ನೊಂದು ಯೋಜನೆಯಾದ ನ್ಯಾಟ್ಸ್ ಪದವಿ, ಡಿಪ್ಲೊಮಾ ಮುಗಿಸಿದವರ ಶಿಷ್ಯವೇತನದ ಅರ್ಧ ಭಾರ ಹೊರುತ್ತದೆ. ಕಾಲೇಜುಗಳ ಪ್ಲೇಸ್‌ಮೆಂಟ್ ಅಧಿಕಾರಿಗಳು ತಾಲ್ಲೂಕಿನ ವರ್ತಕರ ಸಂಘದವರನ್ನು ಕೂರಿಸಿ ಈ ಎರಡು ಯೋಜನೆಗಳನ್ನು ವಿವರಿಸಿದರೆ, ಪುಕ್ಕಟೆ ಇಂಟರ್ನ್ ಹುಡುಕುವ ಬದಲು ಕೆಲವರಾದರೂ ಈ ದಾರಿಗೆ ಬಂದಾರು.

ತಪ್ಪು ಕಲ್ಪನೆ: ದುಡ್ಡಿಲ್ಲದಿದ್ದರೂ ಅನುಭವ ಸಿಗುತ್ತದೆ, ಅವಕಾಶ ಎಲ್ಲರಿಗೂ ಸಮಾನ

ವಾಸ್ತವ: ಮೈಸೂರಿನ ಕುವೆಂಪುನಗರದಲ್ಲಿ ಮನೆಯಿರುವ ವಿದ್ಯಾರ್ಥಿಗೆ ಹೆಬ್ಬಾಳದ ಕೈಗಾರಿಕಾ ಪ್ರದೇಶದ ಸಂಬಳವಿಲ್ಲದ ಇಂಟರ್ನ್‌ಶಿಪ್ ಎಂದರೆ ಪೆಟ್ರೋಲ್ ಖರ್ಚು. ಪಿರಿಯಾಪಟ್ಟಣದ ಹಳ್ಳಿಯವನಿಗೆ ಅದು ಮನೆಯ ಲೆಕ್ಕವನ್ನೇ ಬುಡಮೇಲು ಮಾಡುವ ಖರ್ಚು. ಪಿರಿಯಾಪಟ್ಟಣದಿಂದ ಮೈಸೂರಿಗೆ ಸುಮಾರು 70 ಕಿಲೋಮೀಟರ್, ಎಚ್.ಡಿ.ಕೋಟೆಯಿಂದ 50ರ ಆಸುಪಾಸು, ಹುಣಸೂರಿನಿಂದ 45. ರೈಲು ಇರುವುದು ಮೈಸೂರು-ಹಾಸನ ಮಾರ್ಗದ ಮೇಲಿರುವ ಕೆ.ಆರ್.ನಗರಕ್ಕೆ ಮಾತ್ರ. ಉಳಿದ ಮೂರೂ ಕಡೆಯವರಿಗೆ ಬಸ್ಸೇ ಗತಿ. ತಾಲ್ಲೂಕು ಕೇಂದ್ರಕ್ಕೆ ಬರಲು ಇನ್ನೊಂದು ಬಸ್ಸು, ಮೈಸೂರಿನ ನಿಲ್ದಾಣದಿಂದ ಹೆಬ್ಬಾಳಕ್ಕೋ ಕೂರ್ಗಳ್ಳಿಗೋ ಮತ್ತೊಂದು. ಒಂಬತ್ತಕ್ಕೆ ಹಾಜರಾಗಬೇಕಾದರೆ ಮನೆ ಬಿಡಬೇಕಾದ ಹೊತ್ತು ಎಷ್ಟೆಂದು ಕಾಲೇಜಿನ ಆದೇಶ ಬರೆಯುವವರು ಒಮ್ಮೆ ಲೆಕ್ಕ ಹಾಕಲಿ.

2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ ಖರ್ಚು ತಪ್ಪಿತು. ಈ ತಾಲ್ಲೂಕುಗಳ ಹುಡುಗಿಯರು ಮೈಸೂರಿಗೆ ಹೋಗಿ ಬರುವ ಧೈರ್ಯ ಮಾಡಲು ಅದು ದೊಡ್ಡ ಆಸರೆ. ಹುಡುಗರಿಗೆ ಆ ಸೌಲಭ್ಯವಿಲ್ಲ. ಅವರ ಕೈಲಿರುವ ವಿದ್ಯಾರ್ಥಿ ಪಾಸು ಮನೆಯಿಂದ ಕಾಲೇಜಿಗೆ ಓಡಾಡಲು ಕೊಟ್ಟದ್ದು. ಇಂಟರ್ನ್‌ಶಿಪ್ ಬೇರೆ ದಿಕ್ಕಿನಲ್ಲಿದ್ದರೆ ಅದರಿಂದ ಪ್ರಯೋಜನವಾಗದು. ಪಿಜಿಯಲ್ಲಿ ಉಳಿದರೆ ಬಾಡಿಗೆ, ಅಡ್ವಾನ್ಸ್, ಊಟದ ಖರ್ಚು.

ಸಮಯವೂ ಇವರಿಗೆ ಪ್ರತಿಕೂಲವೇ. ಯುಜಿಸಿ 2024ರಲ್ಲಿ ಹೊರಡಿಸಿದ ಮಾರ್ಗಸೂಚಿ, ಪದವಿ ವಿದ್ಯಾರ್ಥಿಗಳು ನಾಲ್ಕನೇ ಸೆಮಿಸ್ಟರ್ ಮುಗಿದ ಮೇಲೆ 60ರಿಂದ 120 ಗಂಟೆ ಇಂಟರ್ನ್‌ಶಿಪ್ ಮಾಡಬೇಕೆನ್ನುತ್ತದೆ. ಅದು ಬೇಸಿಗೆ ರಜೆಗೆ ಬಂದರೆ ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಸಸಿ ನಾಟಿಯ ಕಾಲ. ಗೊಬ್ಬರಕ್ಕೆ, ಕೂಲಿಗೆ, ಉಳುಮೆಗೆ ಮನೆಯ ದುಡ್ಡೆಲ್ಲ ಹೊಲಕ್ಕೆ ಸುರಿಯುವ ತಿಂಗಳುಗಳು. ಸೊಪ್ಪು ಬೇಯಿಸಿ, ಹರಾಜು ಕಟ್ಟೆಗೆ ಒಯ್ದು, ಬೇಲಿನ ದುಡ್ಡು ಕೈಗೆ ಬರುವುದು ವರ್ಷದ ಕೊನೆಗೆ. ಎಚ್.ಡಿ.ಕೋಟೆ ಕಡೆಯ ಹಾಡಿಗಳ ಕುಟುಂಬಗಳು ಕಾಫಿ ಕುಯ್ಲಿಗೆ ಕೊಡಗಿನ ತೋಟಗಳಿಗೆ ಹೋಗುತ್ತವೆ. ಅಂಥ ಮನೆಯ ಹುಡುಗ ರಜೆಯಲ್ಲಿ ಕೂಲಿಗೆ ಹೋದರೆ ಮುಂದಿನ ಸೆಮಿಸ್ಟರಿನ ಫೀಸು. ಸಂಬಳವಿಲ್ಲದೆ ಕಂಪನಿಗೆ ಹೋದರೆ ಕೂಲಿಯೂ ಹೋಯಿತು, ಮೇಲೆ ಖರ್ಚೂ ಬಂತು. ಅವನಿಗೆ ಈ ನಷ್ಟ ಎರಡು ಪಟ್ಟು.

ಇದರ ಫಲ ನಾಲ್ಕೈದು ವರ್ಷದ ಮೇಲೆ ಕಾಣುತ್ತದೆ. ಒಳ್ಳೆಯ ಕಂಪನಿಯ ಇಂಟರ್ನ್‌ಶಿಪ್ ಇದ್ದವರಿಗೆ ಸಂದರ್ಶನದ ಕರೆ ಬರುತ್ತದೆ. ದುಡ್ಡು ಹೊಂದಿಸಲಾಗದೆ ಊರಿನ ಯಾವುದೋ ಅಂಗಡಿಯ ಸೀಲು ಹಾಕಿಸಿಕೊಂಡು ವರದಿ ಒಪ್ಪಿಸಿದವರಿಗೆ ಬರುವುದಿಲ್ಲ. ಓದಿನಲ್ಲಿ ಸಮವಾಗಿದ್ದ ಇಬ್ಬರ ದಾರಿ ಬೇರೆಯಾಗುವುದಕ್ಕೆ ಕಾರಣ ಬುದ್ಧಿಯಲ್ಲ, ಅಪ್ಪನ ಜೇಬು. ಸಂಬಳವಿಲ್ಲದ ಇಂಟರ್ನ್‌ಶಿಪ್ ಕಾನೂನಿನ ಚೌಕಟ್ಟಿನೊಳಗೇ ಇದ್ದರೂ ನ್ಯಾಯವಾಗುವುದಿಲ್ಲ ಎಂದು ನಾನು ನಂಬಿರುವುದು ಈ ಕಾರಣಕ್ಕೆ. ಫ್ರಾನ್ಸ್‌ನಲ್ಲಿ ಎರಡು ತಿಂಗಳು ಮೀರಿದ ಇಂಟರ್ನ್‌ಶಿಪ್‌ಗೆ ಹಣ ಕೊಡಲೇಬೇಕು. ನಮ್ಮಲ್ಲೂ ಅಂಥದೊಂದು ಗೆರೆ ಎಳೆಯುವುದು ಅಸಾಧ್ಯವೇನಲ್ಲ. ಅದಾಗುವವರೆಗೆ ಕಾಲೇಜುಗಳು ತಮ್ಮ ಕೈಲಾದದ್ದನ್ನು ಮಾಡಬಹುದು. ಗ್ರಾಮ ಪಂಚಾಯಿತಿ, ತಾಲ್ಲೂಕು ಆಸ್ಪತ್ರೆ, ಸಹಕಾರ ಸಂಘ, ರೈತ ಉತ್ಪಾದಕ ಕಂಪನಿಗಳಂಥ ಹತ್ತಿರದ ಜಾಗಗಳನ್ನು ಗುರುತಿಸಲಿ, ಅಲ್ಲಿನ ಕಲಿಕೆಯನ್ನು ಗಟ್ಟಿಯಾಗಿಸಲಿ, ಆ ಅನುಭವಕ್ಕೆ ಮೈಸೂರಿನ ಕಂಪನಿಯ ಅನುಭವಕ್ಕಿಂತ ಕಡಿಮೆ ಅಂಕ ಕೊಡದಿರಲಿ.

ತಪ್ಪು ಕಲ್ಪನೆ: ಸರ್ಟಿಫಿಕೇಟಿಗೆ ದುಡ್ಡು ಕಟ್ಟುವುದು ಎಲ್ಲರೂ ಮಾಡುವುದೇ

ವಾಸ್ತವ: ಎಲ್ಲರೂ ಮಾಡಿದ ಮಾತ್ರಕ್ಕೆ ಸರಿಯಾಗುವುದಿಲ್ಲ. ತಾಂತ್ರಿಕ ಶಿಕ್ಷಣ ಮಂಡಳಿಯಾದ ಎಐಸಿಟಿಇ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಂದ ಇಂಟರ್ನ್‌ಶಿಪ್ ಗಂಟೆಗಳನ್ನು ಕೇಳುತ್ತದೆ, ಕಂಪನಿಗೆ ಕಟ್ಟಿದ ರಸೀದಿಯನ್ನಲ್ಲ. ಸಾವಿರಾರು ರೂಪಾಯಿ ಪಡೆದು, ನಾಲ್ಕು ವಿಡಿಯೊ ತೋರಿಸಿ ಸರ್ಟಿಫಿಕೇಟ್ ಕಳಿಸುವವರು ಮಾರುತ್ತಿರುವುದು ಕೋರ್ಸನ್ನು. ಅದನ್ನು ಇಂಟರ್ನ್‌ಶಿಪ್ ಎಂದು ಒಪ್ಪಿಕೊಳ್ಳುವ ಕಾಲೇಜಿಗೂ ಇದರಲ್ಲಿ ಪಾಲಿದೆ.

ತಪ್ಪು ಕಲ್ಪನೆ: ಸಂಬಳವಿಲ್ಲದವರಿಗೆ ಕಾನೂನಿನ ರಕ್ಷಣೆಯೂ ಇಲ್ಲ

ವಾಸ್ತವ: ಹೆಣ್ಣುಮಕ್ಕಳು, ಅವರ ತಂದೆತಾಯಿಗಳು ಇದನ್ನು ಚೆನ್ನಾಗಿ ತಿಳಿದಿರಬೇಕು. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ, ಸಂಬಳ ಇದ್ದರೂ ಇಲ್ಲದಿದ್ದರೂ, ಸ್ವಯಂಸೇವೆಗೆ ಬಂದಿದ್ದರೂ, ಟ್ರೇನಿ ಅಥವಾ ಅಪ್ರೆಂಟಿಸ್ ಆಗಿದ್ದರೂ, ಯಾವ ಹೆಸರಿನಿಂದ ಕರೆದರೂ, ಅವರನ್ನು ಉದ್ಯೋಗಿ ಎಂದೇ ಪರಿಗಣಿಸುತ್ತದೆ. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಬೇಕು. ಸಣ್ಣ ಅಂಗಡಿ, ಕ್ಲಿನಿಕ್ಕು, ಆಫೀಸಿನಲ್ಲಿ ನಡೆದರೆ, ಅಥವಾ ಮಾಲೀಕನೇ ಆರೋಪಿಯಾದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಅದಕ್ಕಾಗಿ ಮೈಸೂರಿಗೇ ಓಡಬೇಕಿಲ್ಲ. ಪ್ರತಿ ತಾಲ್ಲೂಕಿನಲ್ಲೂ ನೋಡಲ್ ಅಧಿಕಾರಿಯನ್ನು ನೇಮಿಸಬೇಕು, ಅವರು ದೂರು ಪಡೆದು ಏಳು ದಿನದೊಳಗೆ ಸಮಿತಿಗೆ ಕಳಿಸಬೇಕು ಎಂದು ಕಾಯ್ದೆಯೇ ಹೇಳಿದೆ. ಆ ಅಧಿಕಾರಿ ಯಾರೆಂಬ ಮಾಹಿತಿ ಪ್ರತಿ ಕಾಲೇಜಿನ ನೋಟಿಸ್ ಬೋರ್ಡಿನಲ್ಲೂ ಇರಬೇಕಾದದ್ದು.

ಗಾಯದ ವಿಷಯ ಅಷ್ಟು ನೆಮ್ಮದಿಯದ್ದಲ್ಲ. ನೋಂದಾಯಿತ ಅಪ್ರೆಂಟಿಸ್‌ಗೆ ಕೆಲಸದಲ್ಲಿ ಪೆಟ್ಟಾದರೆ ಮಾಲೀಕರು ಪರಿಹಾರ ಕೊಡಬೇಕೆಂದು ಅಪ್ರೆಂಟಿಸ್ ಕಾಯ್ದೆಯ 16ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಬರೀ ಇಂಟರ್ನ್ ಆದವನು ಮೊದಲು ತಾನು ಅಲ್ಲಿ ದುಡಿಯುತ್ತಿದ್ದೆನೆಂದು ಸಾಬೀತುಮಾಡಲು ಹೆಣಗಬೇಕಾದೀತು. ಎಸ್ಸೆಸ್ಸೆಲ್ಸಿ ಮುಗಿಸಿ ಡಿಪ್ಲೊಮಾ ಸೇರಿದವರಲ್ಲಿ ಹಲವರಿಗೆ ಹದಿನೆಂಟು ತುಂಬಿರುವುದಿಲ್ಲ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ನಂತರ 14ರಿಂದ 18 ವಯಸ್ಸಿನವರನ್ನು ಅಪಾಯಕಾರಿ ಕೆಲಸಗಳಿಗೆ ಹಚ್ಚುವಂತಿಲ್ಲ. ಯಂತ್ರದ ಮುಂದೆ ಮಗನನ್ನು ನಿಲ್ಲಿಸುವ ಮೊದಲು ವಿಮೆ ಮಾಡಿಸಿದ್ದೀರಾ ಎಂದು ಕಾಲೇಜನ್ನೂ ಕಾರ್ಖಾನೆಯನ್ನೂ ಕೇಳುವ ಪೂರ್ಣ ಹಕ್ಕು ತಂದೆತಾಯಿಗೆ ಇದೆ.

ತಪ್ಪು ಕಲ್ಪನೆ: ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಇದೆಯಲ್ಲ, ಇನ್ನೇನು ಚಿಂತೆ

ವಾಸ್ತವ: 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಶುರುವಾದ ಈ ಯೋಜನೆಯಲ್ಲಿ ತಿಂಗಳಿಗೆ 5,000 ರೂಪಾಯಿ, ಒಂದು ಬಾರಿ 6,000 ರೂಪಾಯಿ ಎಂದು ನಿಗದಿಯಾಗಿತ್ತು. ಆದರೆ ಆ ಪ್ರಾಯೋಗಿಕ ಹಂತ ಪೂರ್ಣಾವಧಿ ಓದಿನಲ್ಲಿ ಇಲ್ಲದ, 21ರಿಂದ 24 ವರ್ಷದವರಿಗೆ ಮೀಸಲಾಗಿತ್ತು. ಕಾಲೇಜಿನಲ್ಲಿ ಓದುತ್ತಿರುವಾಗ ಅಂಕಕ್ಕಾಗಿ ಮಾಡಬೇಕಾದ ಇಂಟರ್ನ್‌ಶಿಪ್‌ಗೆ ಅದು ಉತ್ತರವಲ್ಲ. ಪದವಿ ಮುಗಿಸಿ ಮನೆಯಲ್ಲಿರುವ ಅಣ್ಣನಿಗೆ, ಅಕ್ಕನಿಗೆ ಉಪಯೋಗವಾದೀತು.

ತಪ್ಪು ಕಲ್ಪನೆ: ಸಹಿ ಹಾಕಿಯಾಗಿದೆ, ಇನ್ನು ಏನೂ ಮಾಡುವ ಹಾಗಿಲ್ಲ

ವಾಸ್ತವ: ಕನಿಷ್ಠ ವೇತನದ ಹಕ್ಕು ಇರುವವರು ‘ನನಗೆ ಸಂಬಳ ಬೇಡ’ ಎಂದು ಬರೆದುಕೊಟ್ಟರೂ ಆ ಬರಹಕ್ಕೆ ಬೆಲೆಯಿಲ್ಲ. ಹಳೆಯ ಕಾಯ್ದೆ ಹೇಳಿದ್ದೂ ಅದನ್ನೇ, ವೇತನ ಸಂಹಿತೆ ಹೇಳುವುದೂ ಅದನ್ನೇ. ಆ ಹಕ್ಕು ಇತ್ತೇ ಇಲ್ಲವೇ ಎಂಬುದು ನೀವು ಮಾಡಿದ ಕೆಲಸದ ಮೇಲೆ ನಿಂತಿದೆ. ಆದ್ದರಿಂದ ಮೊದಲ ದಿನದಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಹೋದ ಹೊತ್ತು, ಬಂದ ಹೊತ್ತು, ಮಾಡಿದ ಕೆಲಸ, ಕಲಿಸಿದವರ ಹೆಸರು ಬರೆದಿಡಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಕೆಲಸದ ಸೂಚನೆಗಳನ್ನು ಅಳಿಸಬೇಡಿ. ಸೇರುವ ಮುಂಚೆ ಕಾಲೇಜಿನ ಪತ್ರದಲ್ಲಿ ಅವಧಿ, ದಿನದ ಗಂಟೆ, ಕಲಿಯಬೇಕಾದ ವಿಷಯ, ಮಾರ್ಗದರ್ಶಕರ ಹೆಸರು ಇರುವಂತೆ ನೋಡಿಕೊಳ್ಳಿ. ಪ್ರಯಾಣ ಭತ್ಯೆ, ಮಧ್ಯಾಹ್ನದ ಊಟವನ್ನಾದರೂ ಕೊಡುತ್ತೀರಾ ಎಂದು ಕೇಳಿ. ಒಬ್ಬರೇ ಕೇಳಲು ಅಂಜಿಕೆಯಾದರೆ ತರಗತಿಯವರೆಲ್ಲ ಸೇರಿ ಪ್ರಾಂಶುಪಾಲರ ಮೂಲಕ ಕೇಳಿ. ಅಂಕ ಕಳೆದುಕೊಳ್ಳುವ ಭಯ ಒಬ್ಬೊಬ್ಬರನ್ನು ಹಿಡಿದಷ್ಟು ಇಡೀ ತರಗತಿಯನ್ನು ಹಿಡಿಯುವುದಿಲ್ಲ.

ದುಡಿಸಿಕೊಂಡು ಕೈಬಿಟ್ಟರೆ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಕಾರ್ಮಿಕ ಇಲಾಖೆಯ ಸಹಾಯವಾಣಿ 155214. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ನ್ಯಾಯಾಲಯದ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ನೆರವು ಉಚಿತ. ಅದರ ಸಹಾಯವಾಣಿ 15100. ವೇತನ ಬಾಕಿಯ ಅರ್ಜಿ ಹಾಕಲು ಹಳೆಯ ಕನಿಷ್ಠ ವೇತನ ಕಾಯ್ದೆಯಲ್ಲಿ ಆರು ತಿಂಗಳ ಗಡುವಿತ್ತು, ವೇತನ ಸಂಹಿತೆಯಲ್ಲಿ ಮೂರು ವರ್ಷವಿದೆ. ಬಾಕಿ ಕೊಟ್ಟಿದ್ದೇನೆ ಎಂದು ರುಜುವಾತುಪಡಿಸುವ ಹೊಣೆಯೂ ಮಾಲೀಕರದ್ದೇ. ಹಾಗಾಗಿ ಪರೀಕ್ಷೆ ಬರೆದು, ಅಂಕಪಟ್ಟಿ ಕೈಗೆ ಬಂದ ಮೇಲೂ ದೂರು ಕೊಡಲು ಸಮಯವಿರುತ್ತದೆ.